ಬೂದಿದಿಬ್ಬದ ರಕ್ಕಸಿ

“ಬೂದಿದಿಬ್ಬದ ರಕ್ಕಸಿಯ ಮೂರು ಒಗಟು ಬಿಡಿಸಿ ಅಲ್ಲಿ ಹೂತಿರುವ ಹೊನ್ನು ತಂದವನಿಗೆ ನನ್ನ ಮಗಳು, ಅರ್ಧ ರಾಜ್ಯ” ಎಂದು ಕೇತರಸ ದೊರೆ ಡಂಗುರ ಸಾರಿಸಿದ. ಯಾವ ಅರ್ಧ ಎಂದು ಯಾರೂ ಕೇಳಲಿಲ್ಲ. ಮೂರೂ ಬಿಡಿಸಿದರೆ ರಕ್ಕಸಿ ಬೂದಿಯಾಗುತ್ತಾಳೆ, ತಪ್ಪಿದರೆ ದಿಬ್ಬ ಹತ್ತಿದವನನ್ನು ನುಂಗುತ್ತಾಳೆ.

“ಮೊಮ್ಮಗನ ಮನೆಯನ್ನು ಅಜ್ಜನ ಮನೆ ಹೊತ್ತಿದೆ. ಎಲ್ಲಿ?” ಎಂದು ರಕ್ಕಸಿ ಕೇಳಿದರೆ ಒಬ್ಬ ರಾಜಕುಮಾರ ಸ್ವರ್ಗದಲ್ಲಿ ಎಂದ, ಒಬ್ಬ ಪಂಡಿತ ಪುರಾಣದಲ್ಲಿ ಎಂದ. ಇಬ್ಬರೂ ಅವಳ ಹೊಟ್ಟೆ ಸೇರಿದರು. ಬಾವಿ ತೋಡುವ ಓಬಳನೂ ಹೋಗಿ ಮರಳಲಿಲ್ಲ.

ಓಬಳನ ತಮ್ಮ ತಿಪ್ಪನಿಗೆ ರಾಜ್ಯ ಬೇಕಿರಲಿಲ್ಲ. ಅಣ್ಣನನ್ನು ತಿಂದವಳು ಸಾಯಬೇಕಿತ್ತು. ಹಾರೆ ಹೊತ್ತು ದಿಬ್ಬ ಹತ್ತಿದ.

“ಮೊದಲು ಅಗೀತೀನಿ, ಆಮೇಲೆ ಕೇಳು.”

“ಅಗಿ. ಇಷ್ಟು ಜನರಲ್ಲಿ ಒಬ್ಬನೂ ಕಾಲಡಿ ನೋಡಲಿಲ್ಲ” ಎಂದಳು ರಕ್ಕಸಿ.

ಮೂರು ದಿನ ಅಗೆದ. ನೆಲದ ಕೆಳಗೆ ಇನ್ನೊಂದು ನೆಲ, ಅದರ ಕೆಳಗೆ ಮತ್ತೊಂದು. “ಅಜ್ಜನ ಮನೆ ಇಲ್ಲೇ ಇದೆ. ಅದು ಬಿದ್ದ ಮಣ್ಣಿನ ಮೇಲೆ ಮೊಮ್ಮಗ ಕಟ್ಟಿದ್ದಾನೆ” ಎಂದ.

“ಮೊದಲು ಸುಟ್ಟಾಗ ಊರಿಗೆಲ್ಲ ಉಣಿಸಿತು. ಮತ್ತೆ ಸುಟ್ಟಾಗ ಉಣ್ಣುವವರೇ ಇರಲಿಲ್ಲ. ಏನದು?”

ತಿಪ್ಪ ಕಾಳೆಲ್ಲ ಇದ್ದಿಲಾಗಿದ್ದ ಮಡಕೆಯೊಂದನ್ನು ಎತ್ತಿ ತೋರಿಸಿದ. “ಮೊದಲು ಕುಂಬಾರನ ಆವಿಗೆಯಲ್ಲಿ ಸುಟ್ಟಿತು, ಆಮೇಲೆ ಊರಿನ ಜೊತೆ.”

“ಮನೆಯವರೆಲ್ಲ ಒಳಗೆ, ಚಿಲಕ ಹೊರಗೆ. ಹಾಕಿದ ಕೈ ಯಾರದು?”

ಸುಟ್ಟ ಬಾಗಿಲುಗಳ ಹೊರಬದಿಯಲ್ಲಿ ಕಬ್ಬಿಣದ ಚಿಲಕಗಳು ಸಿಕ್ಕಿದ್ದವು. ಎಲ್ಲದರ ಮೇಲೂ ಕೇತರಸನ ಮುದ್ರೆ. ತಿಪ್ಪನ ಮೈ ಉರಿಯಿತು. ದೊರೆಗೆ ಉತ್ತರ ಗೊತ್ತಿತ್ತು, ಗೊತ್ತಿದ್ದೇ ಅಣ್ಣನನ್ನು ಸಾಯಲು ಕಳಿಸಿದ್ದ.

“ಅವನು ನನ್ನನ್ನು ಹೆಣ್ಣು ಕೇಳಿದ, ನಮ್ಮೂರು ಕೊಡಲಿಲ್ಲ. ಊರಿನ ಜೊತೆ ಬೆಂದವಳು ರಕ್ಕಸಿಯಾದೆ” ಎಂದಳು ರಕ್ಕಸಿ.

“ಗುಂಡಿಯಲ್ಲಿ ಅಡಗಿರು” ಎಂದ ತಿಪ್ಪ, ದಿಬ್ಬದ ಕೆಳಗೆ ಹೊನ್ನಿಗಾಗಿ ಕಾಯುತ್ತಿದ್ದ ದೊರೆಯನ್ನು ಕೂಗಿದ. “ರಕ್ಕಸಿ ಬೂದಿಯಾದಳು ಬುದ್ಧಿ, ಹೊನ್ನು ಕಾಣ್ತಾ ಇದೆ.”

ಕೇತರಸ ಏದುಸಿರು ಬಿಡುತ್ತ ಹತ್ತಿ ಬಂದ. ರಕ್ಕಸಿ ಎದ್ದು ನಿಂತು ಚಿಲಕದ ಪ್ರಶ್ನೆ ಕೇಳಿದಳು.

“ನನಗೇನು ಗೊತ್ತು?” ಎಂದ ದೊರೆ. ಅದೂ ತಪ್ಪು ಉತ್ತರವೇ. ಅವಳು ನುಂಗಿದಳು.

“ನನ್ನ ಸೇಡು ತೀರಿತು, ಮನೆಗೆ ಹೋಗು” ಎಂದಳು.

“ನನ್ನದು ತೀರಿಲ್ಲ. ಮೂರನೆಯದಕ್ಕೆ ನಾನಿನ್ನೂ ಉತ್ತರ ಹೇಳಿಲ್ಲ. ನೀನು ತಿಂದ ಓಬಳ ನನ್ನಣ್ಣ.”

ಅವಳು ಓಡಲಿಲ್ಲ. “ಹೇಳು” ಎಂದಳು.

“ಕೇತರಸನ ಕೈ.”

ಒಂದು ಹಿಡಿ ಬೂದಿ ಉಳಿಯಿತು.

ಹೊನ್ನು ಸಿಗದಿದ್ದರೂ ಡಂಗುರದ ಮಾತು ನಡೆಯಲೇಬೇಕೆಂದು ಮಂತ್ರಿ ಹಟ ಹಿಡಿದ. ದೊರೆಯೇ ಇಲ್ಲದ್ದರಿಂದ ತಿಪ್ಪನಿಗೆ ಇಡೀ ರಾಜ್ಯ ಸಿಕ್ಕಿತು, ರಾಜಕುಮಾರಿ ಹಾರ ಹಾಕಿದಳು. ಹಾಕುವಾಗ ಮೆಲ್ಲಗೆ ಹೇಳಿದಳು: “ನಿನಗೆ ಅಣ್ಣನಿದ್ದ ಹಾಗೆ ನನಗೆ ಅಪ್ಪ ಇದ್ದ.”

ಅಂದಿನಿಂದ ತಿಪ್ಪ ದೊರೆ ತನ್ನ ಅಡುಗೆಯನ್ನು ತಾನೇ ಮಾಡಿಕೊಂಡು ಉಣ್ಣತೊಡಗಿದ.