ಏಳೂ ಕಲ್ಲು ದಾಟಿದ ಬೊಮ್ಮಕ್ಕ

ಒಂದೂರಂತೆ. ಆ ಊರಿಗೆ ಹೆಸರಿತ್ತೋ ಇಲ್ಲವೋ, ನನಗೆ ಕಥೆ ಹೇಳಿದ ಅಜ್ಜಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿ ಬೊಮ್ಮಕ್ಕ ಅಂತ ಒಬ್ಬಳು ಗೊಲ್ಲರ ಹೆಂಗಸು, ಅವಳಿಗೆ ಈರಿ ಅಂತ ಒಬ್ಬಳು ಸೊಸೆ. ಮಗ ದನ ಹೊಡೆದುಕೊಂಡು ಬೆಟ್ಟ ಹತ್ತಿದನೆಂದರೆ ಮೂರು ತಿಂಗಳಿಗೊಮ್ಮೆ ಮುಖ ತೋರಿಸುವವನು. ಅತ್ತೆ ಸೊಸೆ ಇಬ್ಬರೂ ತಲೆ ಮೇಲೆ ತುಪ್ಪದ ಗಡಿಗೆ ಹೊತ್ತು ಅರಮನೆಗೆ ಕೊಟ್ಟು ಬರುತ್ತಿದ್ದರಂತೆ.

ಊರಿಗೂ ಅರಮನೆಗೂ ನಡುವೆ ಏಳು ಹೊರೆಗಲ್ಲು. ಹೊರೆಗಲ್ಲನ್ನು ನೀವು ನೋಡಿರಲಿಕ್ಕಿಲ್ಲ. ಎರಡು ಕಲ್ಲು ನೆಟ್ಟು ಮೇಲೊಂದು ಚಪ್ಪಡಿ ಹಾಸಿರುತ್ತಾರೆ, ಸರಿಯಾಗಿ ಹೆಗಲೆತ್ತರಕ್ಕೆ. ಹೊರೆ ಹೊತ್ತವರು ಯಾರ ಕೈಯನ್ನೂ ಬೇಡದೆ ಅದರ ಮೇಲೆ ಇಳಿಸಿ, ಕತ್ತು ನೀವಿಕೊಂಡು, ಮತ್ತೆ ಹೊತ್ತು ಹೋಗಬಹುದು. ಯಾವ ಪುಣ್ಯಾತ್ಮರು ಕಟ್ಟಿಸಿದರೋ, ಅವರ ಹೊಟ್ಟೆ ತಣ್ಣಗಿರಲಿ.

ಈರಿ ಏಳು ಕಲ್ಲಿಗೂ ಗಡಿಗೆ ಇಳಿಸುವಳಂತೆ. ಬೊಮ್ಮಕ್ಕ ಒಂದಕ್ಕೂ ಇಳಿಸಳಂತೆ.

“ಅತ್ತೆಮ್ಮ, ಒಂದು ಗಳಿಗೆ ಇಳಿಸಿ.”

“ಇಳಿಸೋದು ಕೈಲಾಗದೋರು ಕಣೆ.”

ದಾರಿಹೋಕರು ಕೇಳುವರಂತೆ, “ಎಷ್ಟು ಕಲ್ಲು ದಾಟಿದೆ ಬೊಮ್ಮಕ್ಕ?” ಇವಳು “ಏಳೂ!” ಅನ್ನುವಳಂತೆ. ಆ ಒಂದು ಮಾತಿಗೋಸ್ಕರ ಕತ್ತು ಬಿಗಿದು, ಮನೆಯಲ್ಲಿ ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡಬೇಕಾಗಿತ್ತಂತೆ. ಮನಸ್ಸಿನ ಹೊರೆಯೂ ಹಾಗೇ. ಮಗನ ಸುದ್ದಿಯಿಲ್ಲ, ಕರು ಮೇವು ಮುಟ್ಟುತ್ತಿಲ್ಲ, ನೆರೆಯವಳು ಏನೋ ಅಂದಳು, ಎಲ್ಲವನ್ನೂ ಒಳಗೇ ಹೊತ್ತುಕೊಂಡು ತಿರುಗುವಳು, ಯಾರ ಹತ್ತಿರವೂ ಬಾಯಿ ಬಿಡಳು.

ಒಂದು ದಿನ ಅರಮನೆಯಲ್ಲಿ ರಾಜಕುಮಾರಿಯ ಮದುವೆ. ಆವತ್ತು ದೊಡ್ಡ ಗಡಿಗೆ. ಬೊಮ್ಮಕ್ಕ ಏಳೂ ಕಲ್ಲು ದಾಟಿ ಅರಮನೆ ಬಾಗಿಲಿಗೆ ಬಂದಳು. ಬಾಗಿಲು ಕಾಯುವವನು, “ಸ್ವಲ್ಪ ತಡೀ ಬೊಮ್ಮಕ್ಕ, ರಾಣಿಯಮ್ಮ ಬರ್ತಿದಾರೆ” ಅಂದ. ಅವನು ಅಂದದ್ದು ಅಷ್ಟೇ. ಇನ್ನೊಂದು ಗಳಿಗೆ ನಿಲ್ಲಬೇಕಲ್ಲ ಅಂತ ಅನಿಸಿದ್ದೇ ತಡ, ಕತ್ತು ನಡುಗಿತು, ಗಡಿಗೆ ಬಿದ್ದು ಚೂರಾಯಿತು. ತುಪ್ಪ ರಾಣಿಯ ಪಾದದವರೆಗೂ ಹರಿಯಿತಂತೆ.

“ಯಾಕೆ ಬಿತ್ತು?” ಅಂದಳು ರಾಣಿ.

ನೂರು ಜನ ನೋಡುತ್ತಿದ್ದಾರೆ. ಬೊಮ್ಮಕ್ಕನ ಬಾಯಿಂದ ಬಂದುಬಿಟ್ಟಿತು, “ಸೊಸೆ ಸುತ್ತಿಕೊಟ್ಟ ಸಿಂಬಿ ಸಡಿಲ ಇತ್ತು, ತಾಯಿ.”

ಸಿಂಬಿ ಅಂದರೆ ಗಡಿಗೆಯ ಕೆಳಗೆ ತಲೆಗಿಡುವ ಬಟ್ಟೆಯ ಸುರುಳಿ. ಈರಿ ತನ್ನ ಮದುವೆ ಸೀರೆಯ ಸೆರಗು ಹರಿದು ಅತ್ತೆಗೆ ಸುತ್ತಿಕೊಟ್ಟದ್ದು. ಗಡಿಗೆ ಹೋದರೂ ಅದು ಬೊಮ್ಮಕ್ಕನ ತಲೆ ಮೇಲೆ ಬಿಗಿಯಾಗಿ ಕೂತೇ ಇತ್ತಂತೆ! ಯಾರೂ ಅದರ ಮಾತೆತ್ತಲಿಲ್ಲ. ಎಲ್ಲರೂ ಈರಿಯನ್ನು ನೋಡಿದರು. ಈರಿ ಅತ್ತೆಯನ್ನು ನೋಡಿದಳು.

“ಕೈಕೆಲಸ ನೆಟ್ಟಗಿಲ್ಲದವಳು ನಮ್ಮ ಬಾಗಿಲಿಗೆ ಬರುವುದು ಬೇಡ” ಅಂದಳು ರಾಣಿ. ಈರಿ ತನ್ನ ಗಡಿಗೆಯನ್ನು ತುಳುಕದ ಹಾಗೆ ಕೆಳಗಿಟ್ಟು, ತವರಿನ ದಾರಿ ಹಿಡಿದಳಂತೆ.

ಊರವರೆಲ್ಲ ಬೊಮ್ಮಕ್ಕನಿಗೆ ಮರುಗಿದರು. “ಪಾಪ, ಎಂಥ ಸೊಸೆ ಸಿಕ್ಕಿದಳು ನಿನಗೆ!” ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಈ ಮರುಕವನ್ನು ತಡೆಯಲಾಗಲಿಲ್ಲ. ಬಾವಿಯ ಹತ್ತಿರ ಇಬ್ಬರು ನಕ್ಕರೆ ತನಗೇ ನಕ್ಕರು ಅನಿಸುವುದು. ಊಟಕ್ಕೆ ಕೂತರೆ ಎದುರಿನ ಮಣೆ ಖಾಲಿ. ನಾಚಿಕೆಗೆ ತಟ್ಟೆ ಸರಿಸಿ ಏಳುವಳು. ಇಂಥ ನಾಚಿಕೆ ನನಗೂ ಗೊತ್ತು. ನಾನು ಯಾರ ತಲೆಗೆ ಏನು ಕಟ್ಟಿದೆ ಅಂತ ಮಾತ್ರ ಕೇಳಬೇಡಿ.

ಒಂದು ಮಧ್ಯಾಹ್ನ ಬೊಮ್ಮಕ್ಕ ಬರಿಗೈಯಲ್ಲಿ ಅದೇ ದಾರಿ ಹಿಡಿದು ಹೊರಟಳು. ತಲೆ ಮೇಲೆ ಏನೂ ಇಲ್ಲ, ಆದರೂ ಮೂರನೇ ಕಲ್ಲಿನ ಹತ್ತಿರ ಕತ್ತು ಕುಸಿಯಿತು. ಕಲ್ಲಿಗೆ ಹಣೆ ಒತ್ತಿ ನಿಂತಳು. ಆಗ ಕಲ್ಲು ಮಾತಾಡಿತಂತೆ.

“ಇಳಿಸು ಬೊಮ್ಮಕ್ಕ.”

“ಏನು ಇಳಿಸಲಿ? ಹೊರೆಯೇ ಇಲ್ಲವಲ್ಲ.”

“ಇಷ್ಟು ವರ್ಷದಲ್ಲಿ ಇಷ್ಟು ಭಾರ ಹೊತ್ತು ಯಾರೂ ನನ್ನ ಹತ್ತಿರ ಬಂದಿಲ್ಲ. ಇಳಿಸು.”

ಬೊಮ್ಮಕ್ಕ ಅತ್ತಳು. ಗಡಿಗೆ ಬಿದ್ದದ್ದು, ಸುಳ್ಳು ಹೇಳಿದ್ದು, ಮಗನ ಚಿಂತೆ, ಕರುವಿನ ಚಿಂತೆ, ಎಲ್ಲವನ್ನೂ ಕಲ್ಲಿನ ಮೇಲೆ ಇಳಿಸಿದಳು. ಕತ್ತು ಸ್ವಲ್ಪ ಹಗುರಾಯಿತು.

“ಹಾಗಾದರೆ ನಾನಿನ್ನು ಮನೆಗೆ ಹೋಗಲಾ?”

“ನಾನು ಹೊರೆಗಲ್ಲು ಕಣವ್ವ. ನನ್ನ ಮೇಲೆ ಇಳಿಸಿದ್ದನ್ನು ಮತ್ತೆ ಎತ್ತಿಕೊಂಡೇ ಹೋಗಬೇಕು. ಸುಧಾರಿಸಿಕೊಂಡೆಯಲ್ಲ, ಈಗ ಮುಟ್ಟಿಸುವ ಕಡೆ ಮುಟ್ಟಿಸು.”

ಬೊಮ್ಮಕ್ಕ ಈರಿಯ ತವರಿಗೆ ಹೋದಳು. ಈರಿ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

“ಸಿಂಬಿ ಬಿಗಿಯಾಗೇ ಇತ್ತು ಕಣೆ” ಅಂದಳು ಬೊಮ್ಮಕ್ಕ.

“ನಂಗೊತ್ತು ಅತ್ತೆಮ್ಮ. ಸುತ್ತಿದೋಳು ನಾನೇ ಅಲ್ವಾ? ನಂಗೆ ಗೊತ್ತಿದ್ರೆ ಸಾಕಾ?”

ಬೊಮ್ಮಕ್ಕ ತಲೆ ತಗ್ಗಿಸಿದಳು. ಸಾಲದು ಅಂತ ಅವಳಿಗೂ ಗೊತ್ತಿತ್ತು. “ನಾಳೆ ಅರಮನೆಗೆ ಬಾ” ಅಂದು ಮನೆಗೆ ಮರಳಿದಳು.

ಮಾರನೇ ಬೆಳಿಗ್ಗೆ ತಾನೇ ಸಿಂಬಿ ಸುತ್ತಿಕೊಂಡಳು, ಸೊಟ್ಟಗಾಯಿತು. ತುಪ್ಪದ ಗಡಿಗೆ ಹೊತ್ತು ಹೊರಟಳು. ಮೂರನೇ ಕಲ್ಲಿನಿಂದ ಈರಿಯೂ ಹತ್ತು ಮಾರು ಹಿಂದೆ ಬಂದಳಂತೆ. ಮೊದಲನೇ ಕಲ್ಲಿಗೆ ಬೊಮ್ಮಕ್ಕ ಗಡಿಗೆ ಇಳಿಸಿದಳು. ದಾರಿಹೋಕರು, “ಅಯ್ಯೋ, ಬೊಮ್ಮಕ್ಕನೂ ಇಳಿಸಿದಳು ನೋಡ್ರೋ!” ಅಂತ ನಕ್ಕರು. ಮುಖ ಕೆಂಪಾಯಿತು. ಎರಡನೆಯದಕ್ಕೂ ಇಳಿಸಿದಳು, ಆಗಲೂ ಕೆಂಪಾಯಿತು. ಐದನೆಯದರ ಹೊತ್ತಿಗೆ, ಹುಲ್ಲಿನ ಹೊರೆ ಹೊತ್ತು ಬಂದ ಮುದುಕಿಗೆ ಸರಿದು ಜಾಗ ಕೊಟ್ಟು, “ಬಾರವ್ವ, ಇಳಿಸು” ಅಂದಳಂತೆ. ಏಳಕ್ಕೂ ಇಳಿಸಿದಳು. ಅರಮನೆ ಬಾಗಿಲಲ್ಲಿ ಬಾಗಿಲು ಕಾಯುವವನು “ತಡೀ” ಅಂದ. ತಡೆದಳು. ಕತ್ತು ನಡುಗಲಿಲ್ಲ.

ರಾಣಿ ಬಂದಳು. ನೂರು ಜನ ಸೇರಿದರು.

“ತಾಯಿ, ಆವತ್ತು ಸಿಂಬಿ ಬಿಗಿಯಾಗಿತ್ತು. ನನ್ನ ಜಂಬದಿಂದ ಗಡಿಗೆ ಬಿತ್ತು. ತಪ್ಪನ್ನು ಈ ಮಗಳ ತಲೆಗೆ ಕಟ್ಟಿದೆ.”

ರಾಣಿ ನೆಲ ನೋಡಿದಳಂತೆ. ಆಮೇಲೆ, “ಆವತ್ತು ನಿನ್ನ ತಲೆ ಮೇಲೆ ಸಿಂಬಿ ಇದ್ದದ್ದನ್ನು ನಾನೂ ನೋಡಿದ್ದೆ. ನೋಡಿಯೂ ಕೇಳಲಿಲ್ಲ” ಅಂದವಳೇ, ತಾನೇ ಮೆಟ್ಟಿಲಿಳಿದು ಈರಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳಂತೆ.

ಬರುವಾಗ ಅತ್ತೆ ಮುಂದೆ, ಸೊಸೆ ಹಿಂದೆ. ತವರಿನ ದಾರಿ ಕವಲೊಡೆಯುವ ಮೂರನೇ ಕಲ್ಲಿನ ಹತ್ತಿರ ಬೊಮ್ಮಕ್ಕ ನಿಂತಳು, ಇವಳು ಯಾವ ಕಡೆ ತಿರುಗುತ್ತಾಳೋ ಅಂತ. ಈರಿ ಕೈ ಚಾಚಿದಳು.

“ಆ ಸೊಟ್ಟ ಸಿಂಬಿ ಕೊಡಿ ಇಲ್ಲಿ. ನಾನು ಸುತ್ತಿಕೊಡ್ತೀನಿ.”

ಬೊಮ್ಮಕ್ಕನ ನಾಚಿಕೆ ಪೂರಾ ಹೋಯಿತು ಅಂತ ಅಜ್ಜಿ ಹೇಳಲಿಲ್ಲ. ಆಗಾಗ ಬರುತ್ತಿತ್ತಂತೆ. ಬಂದಾಗ ಕಲ್ಲಿನ ಹತ್ತಿರ ಇಳಿಸಿ, ಸೊಸೆಯ ಹತ್ತಿರ ಹೇಳಿಕೊಂಡು, ಮತ್ತೆ ಎತ್ತಿಕೊಳ್ಳುವಳಂತೆ. ಅಂದಿನಿಂದ ಆ ದಾರಿಯಲ್ಲಿ ಎದುರಾದವರು “ಎಷ್ಟು ಕಲ್ಲು ದಾಟಿದೆ?” ಅಂತ ಕೇಳುವುದನ್ನು ಬಿಟ್ಟು “ಎಷ್ಟು ಕಲ್ಲಿಗೆ ಇಳಿಸಿದೆ?” ಅಂತ ಕೇಳುವರಂತೆ.

ಅವರ ಗಡಿಗೆ ಅವರ ಮನೆ ಸೇರಿತು. ನಾನು ಹೊತ್ತು ತಂದ ಕಥೆಯನ್ನು ಇಲ್ಲಿ ಇಳಿಸಿದ್ದೇನೆ, ನಿಮ್ಮಲ್ಲಿ ಯಾರಾದರೂ ಎತ್ತಿಕೊಂಡು ಹೋಗಿ.