ಕೊಟ್ರೇಶಿಯ ದನಿಗೆ ಧೂಳು

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಹಾಲಮ್ಮ ಅಂತ ಒಬ್ಬಾಕೆ ಇದ್ದಳು. ಗಂಡ ತೀರಿಕೊಂಡಿದ್ದ. ಇದ್ದವನು ಒಬ್ಬನೇ ಮಗ, ಕೊಟ್ರೇಶಿ. ಆಳು ಬಾಗಿಲು ತುಂಬುವಷ್ಟು, ಬುದ್ಧಿ ಮಾತ್ರ ಹೇಳಿದಷ್ಟೇ. ನೀರು ಕಾಯಿಸು ಅಂದರೆ ಕಾಯಿಸುವನು. ಇಳಿಸು ಅಂತ ಯಾರೂ ಅನ್ನಲಿಲ್ಲವೆಂದು ಪಾತ್ರೆ ಕರಕಲಾಗುವವರೆಗೂ ಪಕ್ಕದಲ್ಲೇ ಕೂತಿರುವನು. ಕಿರಾಣಿ ಸಾಹುಕಾರರು ಒಮ್ಮೆ "ಅಂಗಡಿ ನೋಡ್ಕೊ" ಅಂತ ಹೇಳಿ ಊಟಕ್ಕೆ ಹೋದರು. ಇವನು ಎದುರು ಕಟ್ಟೆಯ ಮೇಲೆ ಕೂತು ನೋಡಿದ. ಕಣ್ಣು ಮಿಟುಕಿಸದೆ ನೋಡಿದ. ದನ ಬಂದು ಬೆಲ್ಲ ತಿಂದು ಹೋದದ್ದನ್ನೂ ನೋಡಿದ.

ಹೀಗೆ ಅವನನ್ನು ಇಟ್ಟುಕೊಂಡವರೆಲ್ಲ ವಾಪಸ್ ಕಳಿಸಿದರು. ಕೊನೆಗೆ ಅವ್ವ ಮಂಡಕ್ಕಿ ಹುರಿಯುತ್ತಿದ್ದ ಭಟ್ಟಿಯಲ್ಲೇ ಚೀಲ ಹೊರುವುದಕ್ಕೆ ನಿಂತ. ಹಾಲಮ್ಮ ಬೆವರೊರೆಸಿಕೊಳ್ಳುತ್ತ ಯೋಚಿಸುವುದು ಒಂದೇ: ನಾನಿರೋತನಕ ಸರಿ, ಆಮೇಲೆ ಇವನನ್ನ ಯಾರು ಹತ್ತಿರ ಸೇರಿಸ್ತಾರೆ?

ಆದರೆ ಕೊಟ್ರೇಶಿಗೆ ಒಂದು ವಿದ್ಯೆ ಬರುತ್ತಿತ್ತು. ಚೀಲ ಹೊರುವಾಗ ಮಾತಿಗೆ ಮಾತು ಪೋಣಿಸಿ, ಉಸಿರು ಬಿಡದೆ ಪದ ಹೇಳುವನು:

"ಭಟ್ಟಿ ಹೊಗೆ ಬಾನಿಗೆ, ಮಂಡಕ್ಕಿ ಚೀಲ ಲಾರಿಗೆ,
ಬೆವರು ನಮ್ಮ ಬೆನ್ನಿಗೆ, ಘಮಘಮ ಎಲ್ಲ ಊರಿಗೆ."

ಅದು ಜಬೀವುಲ್ಲಾನ ಕಿವಿಗೆ ಬಿತ್ತು. ಜಬೀ ಅದೇ ಓಣಿಯ ತುದಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಅಂಗಡಿಯ ಹಿಂದಿನ ಕೋಣೆಯಲ್ಲಿ ಮೈಕು, ಕಂಪ್ಯೂಟರು ಇಟ್ಟುಕೊಂಡು ರ‍್ಯಾಪ್ ಹಾಡು ರೆಕಾರ್ಡ್ ಮಾಡುವ ಹುಚ್ಚು ಅವನಿಗೆ. ಹಾಲಮ್ಮನ ಹತ್ತಿರ ಬಂದ.

"ಹಾಲಮ್ಮಕ್ಕ, ನಿನ್ನ ಮಗನ್ನ ನನ್ನ ಹತ್ರ ಕಳ್ಸು. ಅವನ ಪದ ರೆಕಾರ್ಡ್ ಮಾಡ್ತೀನಿ. ಚಲೋ ಬಂದ್ರೆ ನನ್ನ ಜೊತೆಗೇ ಇಟ್ಕಂತೀನಿ."

ಹಾಲಮ್ಮ ಮಗನಿಗೆ ತಲೆ ಬಾಚಿ ಕಳಿಸಿದಳು.

ಜಬೀ ಅವನನ್ನು ಮೈಕಿನ ಮುಂದೆ ನಿಲ್ಲಿಸಿ ಕಿವಿಗೊಟ್ಟು ಕೇಳಿದ. "ಲೇ ಕೊಟ್ರೇಶಿ, ಈಗಿನ ಹಾಡೆಲ್ಲ ಒರೆಸಿಟ್ಟ ಗಾಜಿನಂಗೆ ಇರ್ತಾವೆ. ನನಗೆ ಹಂಗೆ ಬೇಡ. ಹಳೇ ಕ್ಯಾಸೆಟ್ಟಿನಂಗೆ ಗರಗರ ಅನ್ಬೇಕು. ನಿನ್ನ ದನಿ ಭಾಳ ನಯ ಐತೆ. ಅದಕ್ಕೆ ಒಂದಿಷ್ಟು ಧೂಳು ಹಾಕ್ಬೇಕು."

"ಆತಣ್ಣ" ಅಂತ ಕೊಟ್ರೇಶಿ ಹೊರಗೆ ಹೋದ. ರಸ್ತೆಯಿಂದ ಬೊಗಸೆ ತುಂಬ ಧೂಳು ತಂದ. ಮೈಕಿನ ಮೇಲೆ ಸುರಿದ. ಮೈಕು ಖರ್ ಅಂದು ಸುಮ್ಮನಾಯಿತು. ಜಬೀ ಸಂಜೆಯವರೆಗೂ ಬ್ರಷ್ಷು ಹಿಡಿದು ಉಜ್ಜುತ್ತ ಕೂತ.

ಹಾಲಮ್ಮ ಹಣೆ ಚಚ್ಚಿಕೊಂಡಳು. "ಅವನು ಹೇಳಿದ್ದು ಮೈಕಿಗಲ್ಲಪ್ಪ, ನಿನ್ನ ಗಂಟಲಿಗೆ. ಇನ್ಮೇಲೆ ಜಬೀ ಏನೇ ಹೇಳ್ಲಿ, ಗಂಟಲಿಗೆ ಹೇಳಿದ್ದು ಅಂತ ತಿಳ್ಕಾ."

"ಆತವ್ವ."

ಮಾರನೆ ದಿನ ಜಬೀ ಬೇರೆ ಮೈಕು ಹೊಂದಿಸಿದ. ಮೈಕಿಗೆ ಸುತ್ತಲೆಂದು ಒಂದು ಹಳೇ ಕಾಲುಚೀಲ ಕೊಟ್ಟು, "ಇದನ್ನ ಬಿಗಿಯಾಗಿ ಕಟ್ಟು, ದನಿ ಮುಚ್ಚಿದಂಗೆ ಬರ್ತದೆ" ಅಂದು ಕಂಪ್ಯೂಟರಿನ ಕಡೆ ತಿರುಗಿದ. ಹಾಡು ಬರಲಿ ಅಂತ ಕಾದ. ಬರಲಿಲ್ಲ. ತಿರುಗಿ ನೋಡಿದರೆ ಕಾಲುಚೀಲ ಕೊಟ್ರೇಶಿಯ ಗಂಟಲಿಗೆ ಬಿಗಿದಿದೆ, ಕಣ್ಣು ಹೊರಗೆ ಬಂದಿವೆ. ದನಿ ಮುಚ್ಚಿತ್ತು. ಪೂರ್ತಿ ಮುಚ್ಚಿತ್ತು. ಗಂಟು ಬಿಚ್ಚುವಷ್ಟರಲ್ಲಿ ಜಬೀಗೆ ಮೈಯೆಲ್ಲ ಬೆವರು.

ಮಗನ ಕತ್ತಿಗೆ ಎಣ್ಣೆ ಹಚ್ಚುತ್ತ ಹಾಲಮ್ಮ ಬೈದಳು. "ನಾನು ಹೇಳಿದ್ದು ಬಿಟ್ಬಿಡು. ಇನ್ಮೇಲೆ ಜಬೀ ಹೆಂಗೆ ಅಂತಾನೋ ಹಂಗೇ ಮಾಡು. ಕೂದಲೆಳೆಯಷ್ಟೂ ಆಚೀಚೆ ಆಗಬಾರ್ದು."

"ಆತವ್ವ."

ಅದರ ಮಾರನೆ ದಿನ, ದನಿ ಫೋನಿನೊಳಗಿಂದ ಬಂದಂಗಿರಲಿ ಅಂತ ಜಬೀ ಹೇಳಿದ: "ಇವತ್ತು ಫೋನಿನಾಗೆ ಮಾತಾಡ್ತಾರಲ್ಲ, ಹಂಗೆ ಹೇಳು. ಶುರು ಮಾಡು."

ಕೊಟ್ರೇಶಿ ಕಿವಿಗೆ ಕೈಯಿಟ್ಟುಕೊಂಡ. "ಹಲೋ. ಯಾರು? ಹಾಂ, ಊಟ ಆತು. ಅವ್ವ ಭಟ್ಟೀಲಿ ಅದಾಳೆ. ಹಲೋ, ಕೇಳ್ತೈತಾ? ಇಲ್ಲಿ ಮಳೆ ಇಲ್ಲ. ನಿಮ್ಮ ಕಡೆ ಹೆಂಗೆ?"

ಜಬೀ ಹೆಡ್‌ಫೋನ್ ತೆಗೆದಿಟ್ಟು ಸೀದಾ ಹಾಲಮ್ಮನ ಮನೆಗೆ ನಡೆದ. "ಅಕ್ಕ, ಬೇಜಾರು ಮಾಡ್ಕಬೇಡ. ನಾಳೆ ಒಂದ್ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನನ್ನ ಕೈಲೂ ಆಗಲ್ಲ."

ಹಾಲಮ್ಮ ಅವತ್ತು ಊಟದ ತಟ್ಟೆ ಪಕ್ಕಕ್ಕೆ ಸರಿಸಿದಳು. ಮಗನನ್ನು ಎದುರು ಕೂರಿಸಿಕೊಂಡು ಮೆತ್ತಗೆ ಹೇಳಿದಳು. "ನಾಳೆ ಬೇರೇನೂ ಬೇಡಪ್ಪ. ನಿನ್ನ ಪದ ಹೇಳು. ಯಾರು ಏನೇ ಅಂದ್ರೂ ನಿಲ್ಲಿಸಬೇಡ."

"ಆತವ್ವ."

ಬೆಳಗ್ಗೆ ಜಬೀ ಮೈಕಿನ ಆಸೆಯನ್ನೇ ಬಿಟ್ಟಿದ್ದ. ರಿಪೇರಿಗೆ ಬಂದು ಯಾರೂ ವಾಪಸ್ ಒಯ್ಯದ ಒಂದು ಹಳೇ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಅವನ ಕೈಗೆ ಕೊಟ್ಟ. "ಬಾಯಿ ಹತ್ರ ಹಿಡ್ಕಂಡು ಹೇಳು."

ಕೊಟ್ರೇಶಿ ಶುರು ಮಾಡಿದ. ನಾಲ್ಕು ಸಾಲು ಆಗುವಷ್ಟರಲ್ಲಿ ಜಬೀ, "ನಯ ಆತು, ನಿಲ್ಸು" ಅಂದ. ನಿಲ್ಲಿಸಲಿಲ್ಲ. "ಸಾಕು ಕಣಲೇ" ಅಂದ. ನಿಲ್ಲಿಸಲಿಲ್ಲ. ಜಬೀ ಚಹಾ ಕುಡಿಯೋಕೆ ಹೋದರೆ ಹಿಂದೆಯೇ ಹೋದ, ಪದ ಹೇಳುತ್ತ. ಜಬೀ ಓಡಿದರೆ ಇವನೂ ಓಡಿದ, ಪದ ಹೇಳುತ್ತ. ಮುಗಿದರೆ ಮೊದಲಿಂದ, ಮತ್ತೆ ಮುಗಿದರೆ ಮತ್ತೆ ಮೊದಲಿಂದ. ಗಂಟಲು ಒಣಗಿತು. ದನಿ ಒಡೆಯಿತು. ಕೊನೆಗೆ ಇಬ್ಬರೂ ಹಾಲಮ್ಮನ ಭಟ್ಟಿಯೊಳಗೆ ನುಗ್ಗಿದರು.

"ನಿಲ್ಸಪ್ಪ" ಅಂದಳು ಹಾಲಮ್ಮ. ಯಾರು ಏನೇ ಅಂದರೂ ಅಂತ ಅವಳೇ ಹೇಳಿದ್ದಳಲ್ಲ, ಅವ್ವನ ಮಾತಿಗೂ ನಿಲ್ಲಿಸಲಿಲ್ಲ. ಅವಳು ಚೊಂಬು ತಂದು ಅವನ ಬಾಯಿಗೆ ಇಟ್ಟಳು. ನೀರು ಒಳಗಿಳಿಯಿತು, ಪದ ನಿಂತಿತು.

ಜಬೀ ಫೋನ್ ಕಿತ್ತುಕೊಂಡು ಅಳಿಸೋಕೆ ಹೊರಟವನು ಒಮ್ಮೆ ಕೇಳಿಯೇ ಬಿಡೋಣ ಅಂತ ಹಾಕಿದ. ಕಡೆಯ ಭಾಗ ಬಂತು. ಹಿಂದೆ ಭಟ್ಟಿಯ ಭೊರ್ರೋ ಸದ್ದು, ಮರಳಲ್ಲಿ ಅಕ್ಕಿ ಸಿಡಿಯುವ ಚಟಪಟ, ಅದರ ಮೇಲೆ ಸೀಳಿದ, ಸುಟ್ಟ, ಗರಗರ ದನಿ. ಜಬೀ ಮಂಡಕ್ಕಿ ಚೀಲದ ಮೇಲೆ ಕೂತುಬಿಟ್ಟ.

"ಅಕ್ಕ, ನಾನು ಕೇಳಿದ್ದು ಇದೇ" ಅಂದ.

ಮರಳು ಸೋಸುವ ಜಾಲರಿ ಹಿಡಿದಿದ್ದ ಭಟ್ಟಿಯ ಹೆಂಗಸರೆಲ್ಲ ಸುತ್ತ ಬಂದು ಕೇಳಿದರು. ಇನ್ನೊಮ್ಮೆ ಹಾಕು ಅಂದರು. ಹಾಲಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು, ಹೊಗೆ ಜಾಸ್ತಿ ಅಂದಳು.

"ಇನ್ನು ಇವನು ನನ್ನ ಹತ್ರಾನೇ ಇರ್ಲಿ" ಅಂದ ಜಬೀ. "ಹೇಳೋದು ಹೆಂಗೆ ಅಂತ ನಾನು ಕಲಿತೀನಿ."

ವಾರದೊಳಗೆ ಹಾಡು ತಯಾರಾಯಿತು. ಜಬೀ ಅದನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ರೇಶಿಯ ಕೈಗಿಟ್ಟ. "ತಗಾ. ಇದನ್ನ ಊರಿಗೆಲ್ಲ ಮುಟ್ಟಿಸು. ಒಬ್ರನ್ನೂ ಬಿಡಬೇಡ."

ಕೊಟ್ರೇಶಿ ಹೊರಟ. ಆಟೋ ಸ್ಟ್ಯಾಂಡಿನಲ್ಲಿ ಒಬ್ಬೊಬ್ಬ ಡ್ರೈವರನ ಕೈಗೂ ಪೆನ್‌ಡ್ರೈವ್ ತಾಗಿಸಿದ. ಚಹಾದಂಗಡಿಯವನ ಮೊಣಕೈಗೆ, ಹೂವಿನವಳ ಬುಟ್ಟಿ ಹಿಡಿದ ಬೆರಳಿಗೆ, ನಿದ್ದೆ ಹೋಗಿದ್ದ ಮುದುಕನ ಹೆಬ್ಬೆರಳಿಗೆ ತಾಗಿಸಿದ. ಪೊಲೀಸಿನವನ ಲಾಠಿಗೆ ತಾಗಿಸಿ, ಲಾಠಿ ಲೆಕ್ಕಕ್ಕಿಲ್ಲ ಅಂತ ಕೈಗೂ ತಾಗಿಸಿದ. ಮಧ್ಯಾಹ್ನಕ್ಕೆ ಭಟ್ಟಿಗೆ ಬಂದು ಹಾಲಮ್ಮನ ಕೆನ್ನೆಗೆ ಒತ್ತಿ ಹಿಡಿದ.

"ಅವ್ವ, ಮುಟ್ತಾ?"

ಹಾಲಮ್ಮ ಬೈಯೋಕೆ ಬಾಯಿ ತೆರೆದವಳು ಅವನ ಮುಖ ನೋಡಿ ನಕ್ಕಳು. "ಮುಟ್ತಪ್ಪ."

"ಹಂಗಾರೆ ನಮ್ಮೂರು ಮುಗೀತು" ಅಂದ ಕೊಟ್ರೇಶಿ. "ಇನ್ನು ಹರಿಹರದೋರು ಬಾಕಿ ಅದಾರೆ." ಅಂಗಿಯ ಗುಂಡಿ ಹಾಕಿಕೊಂಡು ಬಸ್ಸಿಗೆ ನಡೆದ.