ಬಾಚಲದೇವಿಯ ಬಿಗಿದ ಬಳೆ

ನಾನು ಮೊದಲ ಸಲ ಮನೆ ಬಿಟ್ಟದ್ದು ಕಾರಹುಣ್ಣಿಮೆಯ ಮಾರನೆಯ ದಿನ. ಮಗ್ಗಿ ಬಾರದೆ ಐಗಳ ಮಠದಿಂದ ಎದ್ದುಬಂದವನು ಸೋದರಮಾವನ ಬಳೆಯ ಮಲಾರ ಹೆಗಲಿಗೇರಿಸಿ ನಡೆದುಬಿಟ್ಟೆ. ಆಮೇಲೆ ಯಾವ ಊರಲ್ಲೂ ಕಾಲು ನಿಲ್ಲಲಿಲ್ಲ. ಅರಳಿಕೋಟೆಗೆ ಬಂದ ಬೆಳಿಗ್ಗೆಯೂ ಸಂಜೆಗೆ ಹೊರಡುವ ಯೋಚನೆಯಲ್ಲೇ ಇದ್ದೆ. ಅಷ್ಟರಲ್ಲಿ ಡಂಗುರ ಕೇಳಿಸಿತು.

"ಕೇಳ್ರಪ್ಪೋ ಕೇಳ್ರಿ! ದೊರೆಮಗಳು ಬಾಚಲದೇವಿಯವರು ಬಸುರಿ. ಹಿಂದಿನ ಬಸಿರು ಕೈಗೆ ಹತ್ತಲಿಲ್ಲ. ಈ ಕೂಸೂ ತಿಂಗಳಿಗೆ ತಕ್ಕಂಗೆ ಬೆಳೀತಿಲ್ಲ. ಉಳಿಸ್ತೀನಿ ಅನ್ನೋರು ದೊರೆಮಗಳ ಮೂರು ಒಗಟು ಬಿಡಿಸಬೇಕು. ಬಿಡಿಸಿದವರ ಮಾತಿನಂಗೆ ಹೆರಿಗೆ, ಕೇಳಿದ್ದು ಬಹುಮಾನ. ತಪ್ಪಿದವರ ತಲೆ ಕೋಟೆಬಾಗಿಲಿಗೆ!"

ಬಾಯಿಮಾತಿನ ಪಂಡಿತರಿಂದ ಬೇಸತ್ತು ಆಕೆಯೇ ಕಟ್ಟಿದ ಒಗಟುಗಳಂತೆ. ನೋಡಿಕೊಂಡು ಹೋಗೋಣವೆಂದು ಅರಮನೆಯ ಅಂಗಳಕ್ಕೆ ನುಗ್ಗಿದೆ.

ಪರದೆಯ ಮುಂದೆ ಮೂವರು ನಿಂತಿದ್ದರು. ಒಬ್ಬ ಜೋಯಿಸ, ಒಬ್ಬ ಕುದುರೆ ವ್ಯಾಪಾರಿ, ಇನ್ನೊಬ್ಬರು ಆಸ್ಥಾನದ ವೈದ್ಯ ಸೂರಪ್ಪ. ಪರದೆಯ ಸಂದಿನಿಂದ ಬಂದಿದ್ದ ದಾರದ ತುದಿ ಹಿಡಿದು ಸೂರಪ್ಪ ದೊರೆಮಗಳ ನಾಡಿ ನೋಡುತ್ತಿದ್ದರು. ದಾರದ ಇನ್ನೊಂದು ತುದಿ ಆಕೆಯ ಕೈಯಲ್ಲಿ. ಪರಗಂಡಸು ಮುಟ್ಟುವಂತಿಲ್ಲವಲ್ಲ!

"ನೆಲ ಕಾಣದ ಮರವೊಂದು ಮನೆಯೊಳಗೇ ಚಿಗುರುತ್ತದೆ," ಎಂದಿತು ಒಳಗಿನ ದನಿ. "ಒಬ್ಬಳಿಂದ ಉಂಡು ಇನ್ನೊಬ್ಬರಿಗೆ ಉಣಿಸುತ್ತದೆ. ಅತಿಥಿ ಹೊರಬಂದ ದಿನ ತಾನೂ ಬೀಳುತ್ತದೆ. ಅದಕ್ಕಾಗಿ ಯಾರೂ ಅಳುವುದಿಲ್ಲ. ಏನದು?"

"ಕಲ್ಪವೃಕ್ಷ!" ಎಂದ ಜೋಯಿಸ.

"ಮಾಸು ಕಣ್ರೀ, ಕೂಸಿನ ಹಿಂದೆ ಬೀಳೋದು," ಎಂದು ನಾನು ಪಕ್ಕದವನಿಗೆ ಹೇಳಿದ್ದು ಅಂಗಳಕ್ಕೆಲ್ಲ ಕೇಳಿಸಿತು. ಸೂರಪ್ಪನೂ "ನನ್ನದೂ ಅದೇ ಉತ್ತರ" ಎಂದರು. ಭಟರು ಒಂದು ಕಡೆಯಿಂದ ಜೋಯಿಸನನ್ನು ಎಳೆದೊಯ್ದರು, ಇನ್ನೊಂದು ಕಡೆಯಿಂದ ನನ್ನನ್ನು ಮುಂದಕ್ಕೆ ಎಳೆತಂದರು. ಬಾಯಿ ಬಿಟ್ಟ ಮೇಲೆ ತಲೆ ಪಣಕ್ಕೆ ಬಿದ್ದಂತೆಯೇ.

"ಒದ್ದರೆ ನಗು, ಒದೆಯದಿದ್ದರೆ ಅಳು. ಒದೆಯುವವರು ಯಾರು?" ಪರದೆಯೊಳಗಿಂದ ಎರಡನೆಯದು ಬಂತು.

"ಹೊಸ ಕುದುರೆ, ತಾಯೀ! ಒದೆಯದ್ದು ಮುದಿಯಾಯಿತು ಅಂತ," ಎಂದ ವ್ಯಾಪಾರಿ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅವನೂ ಹೋದ. ಹೊಟ್ಟೆಯೊಳಗಿನ ಕೂಸು ಎಂದು ಸೂರಪ್ಪ, ನಾನು ಒಟ್ಟಿಗೇ ಹೇಳಿದೆವು.

ಮೂರನೆಯದಕ್ಕೆ ದನಿ ನಡುಗಿತು. "ಕಾಯಿ ಬಲಿತಿಲ್ಲ, ಕೊಂಬೆ ಬಾಗುತ್ತಿದೆ. ಕೀಳಬೇಕೋ, ಬಿಡಬೇಕೋ?"

"ಬಿಡಬೇಕು," ಎಂದರು ಸೂರಪ್ಪ.

"ಅಷ್ಟರಲ್ಲಿ ಕೊಂಬೆ ಮುರಿದರೆ?"

"ಹಾಗಾದರೆ... ಕೀಳಬೇಕು."

"ಕಿತ್ತ ಕಾಯಿ ಉಳಿಯದಿದ್ದರೆ?"

ಸೂರಪ್ಪ ದಾರ ಕೆಳಗಿಟ್ಟು ತಲೆ ತಗ್ಗಿಸಿದರು. ಭಟರು ಅವರ ತೋಳು ಹಿಡಿದರು. ಪಕ್ಕದ ಗದ್ದುಗೆಯಲ್ಲಿ ಕೂತಿದ್ದ ದೊರೆ ನನ್ನತ್ತ ತಿರುಗಿದ. "ನೀನೇನಂತೀಯೋ ಬಳೆಗಾರ?"

ನನ್ನ ಕಾಲು ಆಗಲೇ ಊರಬಾಗಿಲ ಕಡೆ ತಿರುಗಿತ್ತು. "ಕೊಂಬೆ ನೋಡದೆ ಹೆಂಗೆ ಹೇಳಲಿ ಬುದ್ಧಿ? ತಾಯಿ ಕೈ ಕೊಡಲಿ."

"ಎಷ್ಟು ಕೊಬ್ಬೋ ನಿನಗೆ!" ದೊರೆ ಗುಡುಗಿದ.

ಮುದಿ ಸೂಲಗಿತ್ತಿ ಚೌಡವ್ವ ಪರದೆಯ ಪಕ್ಕದಿಂದ ಎದ್ದಳು. "ಬಳೆಗಾರ ಪರಗಂಡಸು ಹೆಂಗಾಗ್ತಾನೆ ಬುದ್ಧೀ? ಸೀಮಂತಕ್ಕೆ ಬಳೆ ತೊಡಿಸಿದೋನು ಕೈ ಹಿಡೀಲಿಲ್ವಾ?"

ದೊರೆ ಆಗಲಿ ಎಂದು ತಲೆಯಾಡಿಸಿದ. ಪರದೆಯ ಸಂದಿನಿಂದ ಕೈ ಹೊರಬಂತು. ಸೀಮಂತದ ಹಸಿರು ಬಳೆಗಳು ಊದಿದ ಮಾಂಸದೊಳಗೆ ಹೂತುಹೋಗಿದ್ದವು.

"ತೊಡಿಸಿದಾಗ ಸಡಿಲ ಇದ್ದವಾ ತಾಯಿ?"

"ಮೊಳಕೈವರೆಗೆ ಜಾರುತ್ತಿದ್ದವು. ಹೆರಿಗೆಗೆ ಮುಂಚೆ ತೆಗೆಯಬಾರದಲ್ಲ."

ಸೂರಪ್ಪ ಭಟರ ಹಿಡಿತದಲ್ಲೇ ಮುಂದೆ ಬಾಗಿದರು. "ತಲೆ ಸಿಡಿಯುತ್ತದೆಯೇ? ಕಣ್ಣು ಮಂಜಾಗುತ್ತದೆಯೇ?"

"ಎರಡೂ. ಯಾರೂ ಕೇಳಲಿಲ್ಲ."

"ಹಿಂಗೆ ಬಳೆ ಬಿಗಿದ ಬಸುರಿಯರನ್ನ ಊರೂರಲ್ಲಿ ಕಂಡಿದೀನಿ," ಎಂದೆ. "ಮುಂದಿನ ಸಲ ಹೋದಾಗ ಕೆಲವು ಮನೇಲಿ ಬಳೆ ಕೇಳೋರೇ ಇರಲಿಲ್ಲ. ತಾಯೀ, ಇದಕ್ಕೆ ಇವತ್ತೇ ಉತ್ತರ ಇಲ್ಲ. ಕೂಸು ಒದೀತಿರೋತನಕ, ನೀವು ತಡೆಯೋತನಕ ಬಿಡಿ. ದಿನಾ ಎರಡನ್ನೂ ನೋಡಿ. ಯಾವುದು ಸೋತರೂ ಅವತ್ತೇ ಕೀಳಿ. ಕಿತ್ತಮೇಲೆ ಕಾಯಿನ ಹುಲ್ಲಲ್ಲಿ ಅಡೆ ಹಾಕ್ತೀವಲ್ಲ, ಹಂಗೆ ಬೆಚ್ಚಗಿಡಿ."

"ಎಳೆಗಾಯಿ ಅಡೆಯಲ್ಲಿ ಹಣ್ಣಾಗದಪ್ಪ," ಎಂದರು ಸೂರಪ್ಪ ಮೆಲ್ಲಗೆ.

"ಕಾಯಿ ಆಗಲ್ಲ ಸ್ವಾಮಿ. ಕೂಸಿಗೆ ಅಡೆ ಅಂದರೆ ಹುಲ್ಲಲ್ಲ, ಅವ್ವನ ಎದೆ."

ಪರದೆಯ ಸಂದಿನ ಕೈ ಇನ್ನಷ್ಟು ಮುಂದೆ ಬಂತು. ಆಮೇಲೆ ದೊರೆಮಗಳು ಹೇಳಿದಳು: "ಬಳೆ ಹೆಚ್ಚಿಸು ಅಣ್ಣಾ."

ಬಳೆ ಒಡೆಯುವುದಕ್ಕೆ ನಾವು ಹಾಗೇ ಅನ್ನುವುದು. ಅಪಶಕುನ ಎಂದು ಅಂಗಳ ಕೂಗಿತು. ನಾನು ಬಳೆಗಳ ಅಡಿಗೆ ಬಟ್ಟೆ ತೂರಿಸಿ ಒಂದೊಂದಾಗಿ ಹೆಚ್ಚಿಸಿದೆ.

ಕೂಸು ಉಳಿದರೆ ನಿನ್ನ ತಲೆಯೂ ಉಳಿಯುತ್ತದೆ, ಅಲ್ಲಿಯವರೆಗೆ ಸೋತ ಮೂವರೂ ಸೆರೆಯಲ್ಲಿರಲಿ ಎಂದ ದೊರೆ. ಕೋಟೆಯೊಳಗೆ ಕಾವಲಿನಲ್ಲಿ ಸುತ್ತಿದೆ, ಬೋನಿನ ನರಿಯ ಹಾಗೆ. ಚೌಡವ್ವ ಎದುರಾದಾಗೆಲ್ಲ "ಒದೀತಾ?" ಎಂದು ಕೇಳುವೆ. "ಒದೀತು, ಹೋಗೋ!" ಎನ್ನುವಳು. ಒಂದು ಬೆಳಿಗ್ಗೆ ಅವಳು ಏನೂ ಹೇಳದೆ ಓಡಿದಳು. ದೊರೆಮಗಳ ಕಣ್ಣು ಕತ್ತಲಿಟ್ಟಿತ್ತು, ಕೂಸಿನ ಒದೆತ ನಿಧಾನವಾಗಿತ್ತು. ಸೆರೆಯಿಂದ ಕರೆಸಿದ ಸೂರಪ್ಪನ ಕಷಾಯ, ಚೌಡವ್ವನ ಕೈ. ಮಧ್ಯಾಹ್ನ ಬೊಗಸೆಯಷ್ಟು ಹೆಣ್ಣುಕೂಸು ಹುಟ್ಟಿತು. ಅಳಲಿಲ್ಲ. ಬಾಗಿಲಾಚೆ ನಿಂತಿದ್ದ ನಾನು ಕುತ್ತಿಗೆ ಸವರಿಕೊಂಡೆ. ಕೂಸನ್ನು ತಾಯಿಯ ಎದೆಗೆ ಅವುಚಿಟ್ಟು ಚೌಡವ್ವ ಅದರ ಬೆನ್ನುಜ್ಜುತ್ತಲೇ ಇದ್ದಳು. ಕೊನೆಗೆ ಬೆಕ್ಕಿನ ಮರಿಯಂಥ ಒಂದು ದನಿ ಬಂತು.

ಕೂಸು ತುಸು ಮೈತುಂಬಿದ ಮೇಲೆ ದೊರೆಮಗಳು ಸಭೆಗೆ ಬಂದಳು. ಈ ಸಲ ಪರದೆ ಇರಲಿಲ್ಲ. "ಮೊದಲನೆಯದು ಮಾಸು. ಅದು ಸೋತರೆ ನಾನೆಷ್ಟು ಉಂಡರೂ ಕೂಸಿಗೆ ಹಸಿವು. ಎರಡನೆಯದು ಕೂಸು. ಒದೆತ ಬಿಟ್ಟರೆ ಅದಕ್ಕೆ ಬೇರೆ ಮಾತಿಲ್ಲ. ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ, ದಿನಾ ನೋಡೋಣ ಅಂದವನು ಇವನೊಬ್ಬನೇ. ಏನು ಬೇಕೋ ಕೇಳಣ್ಣಾ."

ಸೆರೆಯಲ್ಲಿರುವ ಮೂವರನ್ನೂ ಬಿಟ್ಟುಬಿಡಿ ಎಂದೆ. ಕೋಟೆಯ ಪಕ್ಕ ಒಂದು ಮನೆ ಕಟ್ಟಿಸಿ ಎಂದೆ. ಕಷ್ಟದ ಬಸುರಿಯರೆಲ್ಲ ಅಲ್ಲಿಗೆ ಬರಲಿ. ಬಳೆಯ ಸಡಿಲ, ಕೂಸಿನ ಒದೆತ, ದಾರದಲ್ಲಿ ಹೊಟ್ಟೆಯ ಸುತ್ತಳತೆ, ಎಲ್ಲ ನೋಡುತ್ತ ಹೋದರೆ ಮುಂದಿನವಳಿಗೆ ಯಾವಾಗ ಕೀಳಬೇಕೆಂದು ಇಷ್ಟು ತಡಕಾಡಬೇಕಿಲ್ಲ.

ಮನೆ ಎದ್ದಿತು. ಸೂರಪ್ಪ ಈಗ ಕೈ ಹಿಡಿದೇ ನಾಡಿ ನೋಡುತ್ತಾರೆ. ಅಳೆದು ಗಂಟು ಹಾಕಿದ ದಾರಗಳು ಗೋಡೆಯ ತುಂಬ ತೂಗುತ್ತವೆ. ನನ್ನನ್ನು ಅಲ್ಲಿಯ ಹಿರಿಯನೆಂದು ಕೂರಿಸಿದರು. ಕೂತೆ. ಅಂಗಾಲು ಕಡಿಯತೊಡಗಿತು.

"ನಿಲ್ಲಬಾರದೇನೋ?" ಎಂದಳು ಚೌಡವ್ವ ಇವತ್ತು ಬೆಳಿಗ್ಗೆ, ದೊರೆಮಗಳ ಕೂಸನ್ನು ಚಾಪೆಯ ಮೇಲೆ ಮಲಗಿಸುತ್ತ.

"ಆಚೆ ಊರಿನ ಬಸುರಿಯರ ಕೈ ಯಾರು ನೋಡ್ತಾರವ್ವಾ? ಬಿಗಿದ ಬಳೆ ಕಂಡರೆ ಇಲ್ಲಿಗೆ ಕಳಿಸ್ತೀನಿ."

ಮಾರುವ ಹಸಿರು ಬಳೆಗಳನ್ನು ಹಳೆ ಸೀರೆಯ ಚೂರಿನಲ್ಲಿ ಸುತ್ತಿ ಗಂಟು ಕಟ್ಟಿಟ್ಟೆ. ಪಕ್ಕದಲ್ಲಿ ಮಲಗಿದ್ದ ಕೂಸು ಕಾಲು ಬೀಸಿ ಗಂಟನ್ನು ಒದೆಯಿತು. ಒಳಗೆ ಬಳೆ ಘಲ್ಲೆಂದವು. ಚೌಡವ್ವ ನಕ್ಕಳು. ನಾನು ಗಂಟನ್ನು ಬಿಚ್ಚಿ, ದಾರಿಯಲ್ಲಿ ಬಳೆ ಒಡೆಯದಂತೆ ಇನ್ನಷ್ಟು ಬಿಗಿಯಾಗಿ ಕಟ್ಟತೊಡಗಿದೆ.